ವಯೋಲಾ ವಾದಕ

ವಯೋಲಾ ವಾದಕ: ಪಾಶ್ಚಾತ್ಯ ಸಿಂಫನಿ ವಾದ್ಯವೃಂದದಲ್ಲಿ ಪಿಟೀಲಿಗೂ ಚೆಲ್ಲೋಗೂ ನಡುವಣ ದನಿಯಾದ ವಯೋಲಾವನ್ನು ಸಂಬಳಕ್ಕೋ ಸಂಭಾವನೆಗೋ ನುಡಿಸುವ ಕಲಾವಿದ. ಪಿಟೀಲುವಾದಕ ಒಬ್ಬನೇ ಕಛೇರಿ ಮಾಡಿ ಬದುಕಬಲ್ಲ. ವಯೋಲಾ ವಾದಕನಿಗೆ ಹಾಗಲ್ಲ. ಅವನ ಸುತ್ತ ಐವತ್ತೋ ನೂರೋ ಜನರ ವೃಂದ ಇರಬೇಕು, ಆ ವೃಂದವನ್ನು ವರ್ಷವಿಡೀ ಸಾಕುವ ಸರ್ಕಾರವೋ ದೊರೆಯೋ ದಾನಿಯೋ ಟಿಕೆಟ್ ಕೊಳ್ಳುವ ಊರೋ ಇರಬೇಕು. ಆದ್ದರಿಂದ ಈ ವೃತ್ತಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಅದಕ್ಕೆ ಹಣ ಕೊಟ್ಟವರ ಚರಿತ್ರೆ. ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ಒಂದು ವಿಚಿತ್ರವಾದ ಪಾಲಿದೆ.

ವಾದ್ಯ

ನೋಟಕ್ಕೆ ವಯೋಲಾ ತುಸು ದೊಡ್ಡ ಪಿಟೀಲು. ನಾಲ್ಕು ತಂತಿಗಳನ್ನು ಸಿ, ಜಿ, ಡಿ, ಎ ಸ್ವರಗಳಿಗೆ ಕೂಡಿಸುತ್ತಾರೆ. ಪಿಟೀಲಿಗೂ ಇದಕ್ಕೂ ಷಡ್ಜ-ಪಂಚಮದಷ್ಟು ಅಂತರ. ಪಿಟೀಲಿನ ಒಡಲು ಹೆಚ್ಚುಕಡಿಮೆ 14 ಅಂಗುಲವೆಂದು ಎಂದೋ ಸ್ಥಿರವಾಗಿದೆ. ವಯೋಲಾಕ್ಕೆ ಅಂಥ ಅಳತೆಯಿಲ್ಲ. 15ರಿಂದ 17 ಅಂಗುಲದವರೆಗೆ ಎಲ್ಲ ಗಾತ್ರದವೂ ಬಳಕೆಯಲ್ಲಿವೆ. ಶ್ರುತಿ ಇಳಿದಷ್ಟೇ ಪ್ರಮಾಣದಲ್ಲಿ ಒಡಲನ್ನೂ ಹಿಗ್ಗಿಸಿದರೆ ಅದು 20 ಅಂಗುಲ ದಾಟುತ್ತದೆ, ಭುಜದ ಮೇಲಿಟ್ಟು ನುಡಿಸಲು ಆಗುವುದಿಲ್ಲ. ಧ್ವನಿವಿಜ್ಞಾನ ಕೇಳುವ ಗಾತ್ರಕ್ಕೂ ಮನುಷ್ಯನ ತೋಳು ಒಪ್ಪುವ ಗಾತ್ರಕ್ಕೂ ನಡುವಿನ ಈ ರಾಜಿಯಿಂದಲೇ ವಯೋಲಾದ ತುಸು ಒಡೆದಂಥ, ಮುಸುಕಿದ, ಗಂಟಲಿನಾಳದ ನಾದ ಹುಟ್ಟಿದೆ. ಇಂಗ್ಲೆಂಡಿನ ಲಯನಲ್ ಟರ್ಟಿಸ್ (1876-1975) 16¾ ಅಂಗುಲದ ಮಾದರಿಯೊಂದನ್ನು ರೂಪಿಸಿ ಪ್ರಚಾರ ಮಾಡಿದ. ಕೆಲವರು ಒಪ್ಪಿದರು, ಗಾತ್ರದ ಜಗಳ ಮುಗಿಯಲಿಲ್ಲ.

ಇದರ ಸ್ವರಲಿಪಿಯೂ ಬೇರೆ. ಪಿಟೀಲಿನವರು ಓದುವ ಟ್ರೆಬಲ್ ಕ್ಲೆಫ್ ಬದಲು ಮಧ್ಯದ ಗೆರೆಯನ್ನು ಆಧಾರ ಮಾಡಿಕೊಂಡ ಆಲ್ಟೊ ಕ್ಲೆಫ್‌ನಲ್ಲಿ ಬರೆಯುತ್ತಾರೆ. ಪಿಟೀಲಿನಿಂದ ಬಂದ ವಿದ್ಯಾರ್ಥಿಗೆ ಮೊದಲ ಕೆಲವು ತಿಂಗಳು ಬೆರಳಿಗಿಂತ ಕಣ್ಣಿಗೇ ಹೆಚ್ಚು ಕಷ್ಟ.

ವೃಂದದಲ್ಲಿ ಕೆಲಸ

ಪೂರ್ಣಪ್ರಮಾಣದ ಸಿಂಫನಿ ವೃಂದದಲ್ಲಿ ತಂತಿವಾದ್ಯಗಳ ರೂಢಿಯ ಲೆಕ್ಕ 16-14-12-10-8: ಮೊದಲ ಪಿಟೀಲು 16, ಎರಡನೆಯ ಪಿಟೀಲು 14, ವಯೋಲಾ 12, ಚೆಲ್ಲೋ 10, ಡಬಲ್ ಬಾಸ್ 8. ಹನ್ನೆರಡು ವಯೋಲಾಗಳು ಆರು ಜೋಡಿಯಾಗಿ ಕೂರುತ್ತವೆ. ಇಬ್ಬರಿಗೊಂದು ಸ್ಟ್ಯಾಂಡ್, ಒಳಬದಿಯವರು ಪುಟ ತಿರುವುತ್ತಾರೆ, ಆ ಎರಡು ಕ್ಷಣ ಹೊರಬದಿಯವರು ಬಿಡದೆ ನುಡಿಸುತ್ತಾರೆ. ಮೊದಲ ಜೋಡಿಯಲ್ಲಿ ಕೂರುವ ಪ್ರಧಾನ ವಾದಕ ಕಮಾನು ಎಲ್ಲಿ ಕೆಳಗೆ, ಎಲ್ಲಿ ಮೇಲೆ ಎಂದು ಗುರುತು ಹಾಕುತ್ತಾನೆ. ಉಳಿದ ಹನ್ನೊಂದು ಕಮಾನುಗಳೂ ಅದೇ ದಿಕ್ಕಿಗೆ ಚಲಿಸಬೇಕು. ಒಂಟಿ ಭಾಗಗಳು ಬಂದರೆ ಅವೂ ಪ್ರಧಾನ ವಾದಕನವೇ.

ಮಿಕ್ಕವರ ಕೆಲಸ ಏನು? ಮೇಲಿನ ರಾಗಕ್ಕೂ ತಳದ ಆಧಾರಸ್ವರಕ್ಕೂ ನಡುವೆ ಇರುವ ಜಾಗವನ್ನು ತುಂಬುವುದು. ಸ್ವರಮೇಳದ ಮೂರನೆಯ ಸ್ವರ ಎಷ್ಟೋ ಸಲ ವಯೋಲಾದ ಕೈಯಲ್ಲಿರುತ್ತದೆ. ಅದು ಕೂದಲೆಳೆಯಷ್ಟು ತಪ್ಪಿದರೂ ಇಡೀ ವೃಂದದ ಶ್ರುತಿ ಹದಗೆಟ್ಟಂತೆ ಕೇಳುತ್ತದೆ, ಆದರೆ ತಪ್ಪು ಯಾರದೆಂದು ಸಭಿಕರಿಗೆ ತಿಳಿಯುವುದಿಲ್ಲ. ಸರಿಯಾಗಿ ನುಡಿಸಿದಾಗಲೂ ತಿಳಿಯುವುದಿಲ್ಲ. ಪಾಶ್ಚಾತ್ಯ ಸಂಗೀತಗಾರರ ನಡುವೆ ವಯೋಲಾದವರನ್ನು ಕುರಿತ ಹಾಸ್ಯಚಟಾಕಿಗಳದ್ದೇ ಒಂದು ಪ್ರಕಾರವಿದೆ. ಅವುಗಳಲ್ಲಿ ಬಹುಪಾಲು ವಯೋಲಾದವರೇ ಹೇಳಿಕೊಂಡು ನಗುವಂಥವು.

ಹಾಗೆಂದು ಈ ವಿಭಾಗಕ್ಕೆ ತನ್ನದೇ ಗಳಿಗೆಗಳಿಲ್ಲವೆಂದಲ್ಲ. ಬಾಖ್‌ನ ಆರನೆಯ ಬ್ರಾಂಡೆನ್‌ಬರ್ಗ್ ಕಾನ್ಸರ್ಟೊದಲ್ಲಿ ಪಿಟೀಲುಗಳೇ ಇಲ್ಲ, ಎರಡು ವಯೋಲಾಗಳೇ ನಾಯಕರು. ಬ್ರಾಮ್ಸ್‌ನ ಎರಡನೆಯ ಸೆರೆನೇಡ್‌ನಲ್ಲೂ ಪಿಟೀಲುಗಳನ್ನು ಮನೆಗೆ ಕಳುಹಿಸಿ ವಯೋಲಾವನ್ನು ಮೇಲುದನಿಯಾಗಿ ಕೂರಿಸಲಾಗಿದೆ. ಬರ್ಲಿಯೋಜ್ 1834ರಲ್ಲಿ ಬರೆದ 'ಹೆರಾಲ್ಡ್ ಇನ್ ಇಟಲಿ' ಒಂಟಿ ವಯೋಲಾ ಇರುವ ಸಿಂಫನಿ. ಅದನ್ನು ಬರೆಸಿದ ಪಗನೀನಿ ತನಗೆ ನುಡಿಸಲು ಸಾಕಷ್ಟಿಲ್ಲವೆಂದು ಅದರ ಗೊಡವೆಗೆ ಹೋಗಲಿಲ್ಲ. ರಿಚರ್ಡ್ ಸ್ಟ್ರಾಸ್‌ನ 'ಡಾನ್ ಕ್ವಿಕ್ಸೋಟ್'ನಲ್ಲಿ ಚೆಲ್ಲೋ ಯಜಮಾನನಾದರೆ ವಯೋಲಾ ಅವನ ಬಂಟ ಸಾಂಚೊ. ಬ್ರುಕ್ನರ್‌ನ ನಾಲ್ಕನೆಯ ಸಿಂಫನಿಯ ನಿಧಾನಗತಿಯ ಭಾಗದಲ್ಲಿ ಉಳಿದ ತಂತಿಗಳು ಬೆರಳಿನಿಂದ ಮೀಟುತ್ತಿರುವಾಗ ವಯೋಲಾ ವಿಭಾಗವೊಂದೇ ಉದ್ದನೆಯ ರಾಗವನ್ನು ಎಳೆಯುತ್ತದೆ.

ಪ್ರವೇಶ, ಸಂಬಳ, ಶರೀರ

ವಯೋಲಾದಿಂದಲೇ ಸಂಗೀತ ಶುರುಮಾಡುವವರು ಕಡಿಮೆ. ಐದಾರು ವರ್ಷಕ್ಕೆ ಪಿಟೀಲು ಹಿಡಿದು, ಹದಿಹರೆಯದಲ್ಲೋ ಕಾಲೇಜಿನಲ್ಲೋ ವಾದ್ಯ ಬದಲಿಸುವುದು ರೂಢಿ. ಸ್ಕಾಟ್ಲೆಂಡಿನ ವಿಲಿಯಂ ಪ್ರಿಮ್‌ರೋಸ್ (1904-1982) ಬೆಲ್ಜಿಯಂನ ಇಸಾಯ್ ಬಳಿ ಪಿಟೀಲು ಕಲಿಯುತ್ತಿದ್ದಾಗ ಗುರುವೇ ವಯೋಲಾದತ್ತ ತಿರುಗಿಸಿದ. ಮುಂದೆ ಈತ ಟೊಸ್ಕನೀನಿಯ ಎನ್‌ಬಿಸಿ ಸಿಂಫನಿ ವೃಂದದಲ್ಲಿ ನುಡಿಸಿ, ಒಂಟಿ ವಾದಕನಾಗಿ ಹೊರಬಂದು, ಬಾರ್ಟೋಕ್‌ನಿಂದ ವಯೋಲಾ ಕಾನ್ಸರ್ಟೊ ಬರೆಸಿದ. ಕೃತಿ ಮುಗಿಯುವ ಮುನ್ನವೇ ಬಾರ್ಟೋಕ್ ತೀರಿಕೊಂಡದ್ದರಿಂದ ಇನ್ನೊಬ್ಬರು ಪೂರ್ಣಗೊಳಿಸಿದರು. 1949ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಮೊದಲ ಪ್ರಯೋಗವಾಯಿತು.

ಕೆಲಸಕ್ಕೆ ಸೇರುವ ಬಾಗಿಲು ಆಡಿಷನ್. ಅಮೆರಿಕದ ದೊಡ್ಡ ವೃಂದಗಳಲ್ಲಿ ಒಂದು ಖಾಲಿ ಕುರ್ಚಿಗೆ ನೂರಕ್ಕೂ ಹೆಚ್ಚು ಜನ ಬರುವುದು ಸಾಮಾನ್ಯ. ಅಭ್ಯರ್ಥಿ ಪರದೆಯ ಹಿಂದೆ ಕೂತು ನುಡಿಸುತ್ತಾನೆ. ಹೆಸರಿಲ್ಲ, ಮುಖವಿಲ್ಲ, ಒಂದು ಸಂಖ್ಯೆ ಮಾತ್ರ. ಬಾಸ್ಟನ್ ಸಿಂಫನಿ 1952ರಲ್ಲಿ ಪ್ರಯತ್ನಿಸಿದ ಈ ಪದ್ಧತಿ 1970ರ ದಶಕದಿಂದ ಹರಡಿತು. ವೃಂದಗಳಲ್ಲಿ ಹೆಂಗಸರ ಸಂಖ್ಯೆ ಏರುವುದಕ್ಕೆ ಅದೂ ಒಂದು ಕಾರಣ. ಮೊದಲ ಸುತ್ತಿನಲ್ಲಿ ಹೋಫ್‌ಮೈಸ್ಟರ್ ಅಥವಾ ಸ್ಟಾಮಿಟ್ಜ್‌ನ ಕಾನ್ಸರ್ಟೊ, ಮುಂದೆ ಬಾರ್ಟೋಕ್, ಹಿಂಡೆಮಿತ್, ವಾಲ್ಟನ್. ಇವುಗಳಿಗಿಂತ ನಿರ್ಣಾಯಕವಾದವು ಸಿಂಫನಿಗಳಿಂದ ಆಯ್ದ ತುಣುಕುಗಳು: ಸ್ಟ್ರಾಸ್‌ನ 'ಡಾನ್ ಹ್ವಾನ್' ಮೊದಲ ಪುಟ, ಮೆಂಡೆಲ್ಸನ್‌ನ 'ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ಸ್ಕೆರ್ಜೊ, ಬೀಥೋವನ್‌ನ ಐದನೆಯ ಸಿಂಫನಿಯ ಎರಡನೆಯ ಭಾಗ. ಆಯ್ಕೆಯಾದ ಮೇಲೂ ಒಂದೆರಡು ವರ್ಷ ಪರೀಕ್ಷಾವಧಿ. ಲಂಡನ್‌ನಲ್ಲಂತೂ ತಿಂಗಳುಗಟ್ಟಲೆ ಜೊತೆಗೆ ನುಡಿಸಿದ ಮೇಲೇ ಸದಸ್ಯತ್ವದ ಮಾತು.

ಸಂಬಳದ ವ್ಯವಸ್ಥೆ ದೇಶದಿಂದ ದೇಶಕ್ಕೆ ತೀರ ಬೇರೆ. ಜರ್ಮನಿಯಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ವೃಂದಗಳು 130ರ ಆಸುಪಾಸಿನಲ್ಲಿವೆ. ಅಲ್ಲಿನ ವಾದಕ ಹೆಚ್ಚುಕಡಿಮೆ ಸರ್ಕಾರಿ ನೌಕರನ ಭದ್ರತೆಯಲ್ಲಿದ್ದಾನೆ. ಅಮೆರಿಕದಲ್ಲಿ ದಾನಿಗಳ ಹಣ, ಕಾರ್ಮಿಕ ಸಂಘದ ಕರಾರು, ವಾರಕ್ಕೆ ಸಾಮಾನ್ಯವಾಗಿ ಎಂಟು ಪಾಳಿಯ ಕೆಲಸ. ಅಗ್ರಶ್ರೇಣಿಯ ವೃಂದಗಳ ಕನಿಷ್ಠ ಸಂಬಳವೇ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ದಾಟಿದೆ. ಲಂಡನ್‌ನ ಹೆಸರಾಂತ ವೃಂದಗಳಲ್ಲಿ ತಿಂಗಳ ಸಂಬಳವೇ ಇಲ್ಲ: ಲಂಡನ್ ಸಿಂಫನಿ, ಲಂಡನ್ ಫಿಲ್ಹಾರ್ಮೋನಿಕ್, ಫಿಲ್ಹಾರ್ಮೋನಿಯಾ ಮುಂತಾದವು ವಾದಕರೇ ನಡೆಸುವ ಸಂಸ್ಥೆಗಳು, ನುಡಿಸಿದ ದಿನಕ್ಕೆ ಕೂಲಿ. ರಜೆಯೆಂದರೆ ಅಷ್ಟು ಆದಾಯ ಖೋತಾ.

ದೇಹಕ್ಕೆ ಬೀಳುವ ಪೆಟ್ಟು ಬೇರೆ. ಎಡಗೈಯನ್ನು ಹೊರಗೆ ಚಾಚಿ ತಿರುಚಿ ಹಿಡಿಯಬೇಕಾದ ದೊಡ್ಡ ವಾದ್ಯವಾದ್ದರಿಂದ ಕುತ್ತಿಗೆ, ಭುಜ, ಮಣಿಕಟ್ಟಿನ ನೋವು ಈ ವೃತ್ತಿಯ ಸಹಚರ. ಕಿವಿಯದು ಇನ್ನೂ ದೊಡ್ಡ ಕತೆ, ಏಕೆಂದರೆ ವಯೋಲಾದವರು ಎಷ್ಟೋ ಸಲ ಹಿತ್ತಾಳೆ ವಾದ್ಯಗಳ ಬಾಯಿಗೆ ನೇರವಾಗಿ ಕೂತಿರುತ್ತಾರೆ. 2012ರ ಸೆಪ್ಟೆಂಬರ್ 1ರಂದು ಲಂಡನ್‌ನ ರಾಯಲ್ ಆಪೆರಾ ಹೌಸ್‌ನಲ್ಲಿ ವಾಗ್ನರ್‌ನ 'ದಿ ವಾಲ್ಕೂರೆ' ತಾಲೀಮಿನ ವೇಳೆ ವಯೋಲಾ ವಾದಕ ಕ್ರಿಸ್ಟೋಫರ್ ಗೋಲ್ಡ್‌ಶೈಡರ್ ಹಿಂಬದಿಯ ತುತ್ತೂರಿಗಳ ಅಬ್ಬರಕ್ಕೆ ಶ್ರವಣಶಕ್ತಿ ಕೆಡಿಸಿಕೊಂಡು ವೃತ್ತಿಯನ್ನೇ ಬಿಡಬೇಕಾಯಿತು. ಅಂದಿನ ಸದ್ದು 130 ಡೆಸಿಬಲ್ ಮೀರಿತ್ತು. ಸಂಗೀತವೆಂದರೆ ಸದ್ದೇ ಅಲ್ಲವೇ ಎಂಬ ಪ್ರತಿವಾದವನ್ನು ಹೈಕೋರ್ಟ್ 2018ರಲ್ಲಿ ತಳ್ಳಿಹಾಕಿತು, ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಕಾರ್ಖಾನೆಯ ಕಾರ್ಮಿಕನಿಗೆ ಅನ್ವಯಿಸುವ ಸದ್ದಿನ ಕಾನೂನು ವಾದ್ಯವೃಂದದವರಿಗೂ ಅನ್ವಯಿಸುತ್ತದೆಂದು ಆ ನಂತರ ಯಾರೂ ಮರೆಯುವಂತಿಲ್ಲ.

ಹಿನ್ನೆಲೆ

18ನೆಯ ಶತಮಾನದಲ್ಲಿ ವಯೋಲಾ ಹಿಡಿಯುವವನು ಪಿಟೀಲಿನಲ್ಲಿ ಸೋತವನೆಂಬ ಭಾವನೆಯಿತ್ತು. ಕ್ವಾಂಟ್ಜ್ 1752ರ ತನ್ನ ಕೊಳಲಿನ ಗ್ರಂಥದಲ್ಲಿ ಈ ತಾತ್ಸಾರವನ್ನು ದಾಖಲಿಸಿ, ಅದು ತಪ್ಪೆಂದೂ ವಾದಿಸಿದ್ದಾನೆ. ಆದರೆ ರಚನಕಾರರು ಈ ಕುರ್ಚಿಯನ್ನು ಬೇಕೆಂದೇ ಆರಿಸಿಕೊಂಡದ್ದುಂಟು, ಏಕೆಂದರೆ ನಡುವೆ ಕೂತವನಿಗೆ ಎರಡೂ ಕಡೆ ಕೇಳುತ್ತದೆ. ಬಾಖ್ ವೃಂದದಲ್ಲಿ ಕೂತಾಗ ವಯೋಲಾವನ್ನೇ ಇಷ್ಟಪಡುತ್ತಿದ್ದನೆಂದು ಮಗನೇ ಹೇಳಿದ್ದಾನೆ. ಬೀಥೋವನ್ ಹದಿಹರೆಯದ ಕೊನೆಯಲ್ಲಿ ಬಾನ್ ಆಸ್ಥಾನದ ವೃಂದದಲ್ಲಿ ವಯೋಲಾ ನುಡಿಸಿ ಮನೆ ನಡೆಸಿದ. ದ್ವೊರ್ಷಾಕ್‌ನದು ನಿಜವಾದ ನೌಕರಿಯೇ: 1862ರಿಂದ 1871ರವರೆಗೆ ಪ್ರಾಗ್‌ನ ಪ್ರೊವಿಷನಲ್ ಥಿಯೇಟರ್‌ನಲ್ಲಿ ವಯೋಲಾ ವಾದಕ. 1863ರಲ್ಲಿ ವಾಗ್ನರ್ ಬಂದು ತನ್ನ ಕೃತಿಗಳನ್ನು ನಿರ್ದೇಶಿಸಿದಾಗ ಆ ವೃಂದದಲ್ಲಿ ಈತನೂ ಇದ್ದ. ಸಿಂಫನಿ ಬರೆಯುವ ಪಾಠ ಅವನಿಗೆ ಸಂಬಳದ ಜೊತೆಗೆ ಸಿಕ್ಕಿತು. 20ನೆಯ ಶತಮಾನದ ಆರಂಭದಲ್ಲಿ ಹೆನ್ರಿ ವುಡ್ ಲಂಡನ್‌ನ ಕ್ವೀನ್ಸ್ ಹಾಲ್ ವೃಂದಕ್ಕೆ ಹೆಂಗಸರನ್ನು ತೆಗೆದುಕೊಂಡಾಗ ಅವರಲ್ಲೊಬ್ಬಳು ವಯೋಲಾ ವಾದಕಿ, ರಚನಕಾರ್ತಿ ರೆಬೆಕಾ ಕ್ಲಾರ್ಕ್. ಅದೇ ವೃಂದದಲ್ಲಿ ಅದಕ್ಕೆ ಮೊದಲು ಪ್ರಧಾನ ವಾದಕನಾಗಿದ್ದ ಟರ್ಟಿಸ್ ಕುರ್ಚಿ ಬಿಟ್ಟು ಒಂಟಿ ವಾದನಕ್ಕೆ ಹೊರಟು, ವಯೋಲಾಕ್ಕಾಗಿ ಹೊಸ ಕೃತಿಗಳನ್ನು ಬರೆಸಿದ.

ಮೈಸೂರು

ನಾಲ್ವಡಿ ಕೃಷ್ಣರಾಜ ಒಡೆಯರ್ (ಆಳ್ವಿಕೆ 1902-1940) ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಅವರ ಅರಮನೆಯಲ್ಲಿ ಆಸ್ಥಾನ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಅದನ್ನು ತರಬೇತುಗೊಳಿಸಿದವನು ಜರ್ಮನಿಯ ಓಟೊ ಶ್ಮಿಟ್. ಇನ್ನೊಂದು ಕಡೆ ವೀಣೆ ವೆಂಕಟಗಿರಿಯಪ್ಪನವರು ಅರಮನೆಯ ದೇಶೀ ವೃಂದಕ್ಕಾಗಿ ನಗ್ಮಾ ಎಂಬ ವಾದ್ಯಕೃತಿಗಳನ್ನು ರಚಿಸುತ್ತಿದ್ದರು. ದಸರಾ ದರ್ಬಾರಿನ ಊರಿನಲ್ಲಿ, ತಿಂಗಳ ಸಂಬಳ ಪಡೆದು ವೃಂದದಲ್ಲಿ ಕೂತು ನುಡಿಸುವ ವೃತ್ತಿ ಹೀಗೆ ಕರ್ನಾಟಕದಲ್ಲಿ ಒಮ್ಮೆ ಇದ್ದೇ ಇತ್ತು. ಅರಮನೆಯ ಬ್ಯಾಂಡ್ ಪರಂಪರೆ ಮುಂದೆ ಪೊಲೀಸ್ ಇಲಾಖೆಯ ಬ್ಯಾಂಡಿನಲ್ಲಿ ಉಳಿಯಿತು. ತಂತಿವಾದ್ಯಗಳ ಪೂರ್ಣ ವೃಂದ ಉಳಿಯಲಿಲ್ಲ.

ಉತ್ತರಾಧಿಕಾರಿ ಜಯಚಾಮರಾಜ ಒಡೆಯರ್ (1919-1974) ಕೃತಿಕಾರರಾಗಿ ಕರ್ನಾಟಕ ಸಂಗೀತದಲ್ಲಿ ಹೆಸರಾದವರು. ಪಾಶ್ಚಾತ್ಯ ಸಂಗೀತದಲ್ಲೂ ಅವರ ತಿಳಿವಳಿಕೆ ಗಾಢವಾಗಿತ್ತು. ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್‌ನಲ್ಲಿ ಮರೆಯಾಗಿ ಬದುಕುತ್ತಿದ್ದಾಗ ಅವರು ಮೆಟ್ನರ್ ಸೊಸೈಟಿ ಸ್ಥಾಪಿಸಿ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಫಿಲ್ಹಾರ್ಮೋನಿಯಾ ವೃಂದದ ಕಛೇರಿಗಳಿಗಾಗಿ ಅವರು ಮೂರು ವರ್ಷ, ವರ್ಷಕ್ಕೆ 10,000 ಪೌಂಡಿನಂತೆ ಕೊಡಲು ಒಪ್ಪಿಕೊಂಡರು, ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. ಮುಖ್ಯವಾಗಿ ಧ್ವನಿಮುದ್ರಣಕ್ಕೆಂದು ಹುಟ್ಟಿದ್ದ ವೃಂದ ಸಭಾಂಗಣದಲ್ಲಿ ಬೇರೂರಲು ಆ ಹಣ ಆಸರೆಯಾಯಿತು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಟ್ರಾಸ್‌ನ 'ಫೋರ್ ಲಾಸ್ಟ್ ಸಾಂಗ್ಸ್' ಮೊದಲ ಬಾರಿ ಕೇಳಿಬಂದದ್ದು ಮೈಸೂರಿನ ಖಾತರಿ ಹಣದ ಬಲದಿಂದಲೇ: ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವನು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ. ಮಹಾರಾಜರು ಆ ಸಭೆಯಲ್ಲಿರಲಿಲ್ಲ; ಕಛೇರಿಯನ್ನು ಅವರಿಗಾಗಿ ಧ್ವನಿಮುದ್ರಿಸಲಾಯಿತು.

ಆ ಕಾಲದ ಫಿಲ್ಹಾರ್ಮೋನಿಯಾದಲ್ಲಿ ವಯೋಲಾ ವಿಭಾಗದ ಮುಂದಾಳು ಹರ್ಬರ್ಟ್ ಡೌನ್ಸ್. ಅವನ ಹಿಂದೆ ಕೂತ ಹೆಸರಿಲ್ಲದ ವಾದಕರ ದಿನಗೂಲಿಯಲ್ಲಿ ಮೈಸೂರು ಸಂಸ್ಥಾನದ ಹಣದ ಪಾಲಿತ್ತು ಎನ್ನುವುದು ಉತ್ಪ್ರೇಕ್ಷೆಯಲ್ಲ. 1964ರಲ್ಲಿ ಲೆಗ್ ವೃಂದವನ್ನು ವಿಸರ್ಜಿಸುವುದಾಗಿ ಪ್ರಕಟಿಸಿದಾಗ ವಾದಕರು ತಾವೇ ಸಂಘ ಕಟ್ಟಿಕೊಂಡು ನ್ಯೂ ಫಿಲ್ಹಾರ್ಮೋನಿಯಾ ಎಂಬ ಹೆಸರಿನಲ್ಲಿ ಮುಂದುವರಿದರು. 1977ರಲ್ಲಿ ಹಳೆಯ ಹೆಸರು ಮರಳಿತು. ಒಬ್ಬ ದೊರೆಯ ಮೇಲೆ ನಿಂತದ್ದು ದೊರೆಯೊಂದಿಗೇ ಹೋಗುತ್ತದೆ ಎಂಬ ಪಾಠವನ್ನು ಲಂಡನ್ ವಾದಕರು ವೇಳೆಗೆ ಸರಿಯಾಗಿ ಕಲಿತರು. ಮೈಸೂರಿನ ವೃಂದದವರಿಗೆ ಅಂಥ ಅವಕಾಶವೇ ಇರಲಿಲ್ಲ. ಸಂಸ್ಥಾನ ಭಾರತದಲ್ಲಿ ಸೇರಿತು, 1971ರಲ್ಲಿ ರಾಜಧನವೂ ನಿಂತಿತು.

ಹುಬ್ಬಳ್ಳಿ-ಧಾರವಾಡ

ಬೆಂಗಳೂರು ಕಡೆಯಿಂದ ಬರುವ ಹೆದ್ದಾರಿ ಹುಬ್ಬಳ್ಳಿಯ ಅಂಚಿನ ಗಬ್ಬೂರಿನಲ್ಲಿ ಬೈಪಾಸ್ ಹಿಡಿದು ಧಾರವಾಡದಾಚೆಯ ನರೇಂದ್ರಕ್ಕೆ ಹೋಗುತ್ತದೆ. ಆ ದಾರಿಯ ಎರಡೂ ತುದಿಗಳ ನಡುವೆ ಇರುವಷ್ಟು ಸಂಗೀತಗಾರರ ಸಾಂದ್ರತೆ ದೇಶದಲ್ಲೇ ಅಪರೂಪ. ಆದರೆ ವಯೋಲಾದ ಕುರ್ಚಿ ಅಲ್ಲಿಲ್ಲ. ಕಾರಣ ಬಡತನವಲ್ಲ, ಸಂಗೀತದ ರಚನೆಯೇ. ಹಿಂದೂಸ್ತಾನಿಯಲ್ಲಿ ರಾಗ ಒಂದೇ ಎಳೆಯಾಗಿ ನಡೆಯುತ್ತದೆ. ತಂಬೂರಿಯ ಆಧಾರಸ್ವರಕ್ಕೂ ಗಾಯಕನ ದನಿಗೂ ನಡುವೆ ಬೇರೆ ಸ್ವರಗಳನ್ನು ತುಂಬುವ ಅಗತ್ಯವೇ ಬರುವುದಿಲ್ಲ. ಸಾಥ್ ಕೊಡುವವನು ಗಾಯಕನ ನೆರಳಾಗಿ ಹಿಂದೆಯೇ ಬರುತ್ತಾನೆ.

ಹಾಗಾಗಿ ಇಲ್ಲಿ ಹೋಲಿಸಬೇಕಾದದ್ದು ಸಾರಂಗಿ, ಹಾರ್ಮೋನಿಯಂ, ಪಿಟೀಲುಗಳ ಸಾಥಿಗಳ ಬದುಕನ್ನು. ಹುಬ್ಬಳ್ಳಿಗೆ ಸಮೀಪದ ಕುಂದಗೋಳದ ಸವಾಯಿ ಗಂಧರ್ವರ (1886-1952) ಗುರು ಅಬ್ದುಲ್ ಕರೀಂ ಖಾನರ ಕಿರಾನಾ ಘರಾಣೆಗೆ ಸಾರಂಗಿ ಮನೆತನಗಳ ಬೇರಿದೆ. ಘರಾಣೆ ಗಾಯಕರ ಹೆಸರಿನಲ್ಲಿ ಬೆಳಗಿತು, ಸಾರಂಗಿ ಹಿಂದೆ ಸರಿಯಿತು, ಆ ಜಾಗಕ್ಕೆ ಹಾರ್ಮೋನಿಯಂ ಬಂತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ (1892-1944) ಅವರ ನಂತರ ಪುಟ್ಟರಾಜ ಗವಾಯಿಗಳೂ (1914-2010) ಅಂಧ ಮಕ್ಕಳಿಗೆ ಹಾಡಿಕೆಯ ಜೊತೆಗೆ ಪಿಟೀಲು, ಹಾರ್ಮೋನಿಯಂ, ತಬಲಾಗಳನ್ನು ಕಲಿಸಿದ್ದು ಅನ್ನದ ದಾರಿಯಾಗಿಯೂ ಹೌದು. ಆಶ್ರಮದ ನಾಟಕ ಕಂಪನಿಗೂ ವಾದಕರು ಬೇಕಿದ್ದರು.

ವೃಂದದ ವಾದಕನ ಮಾಸಿಕ ಸಂಬಳಕ್ಕೆ ತೀರ ಹತ್ತಿರ ಬಂದದ್ದು ಆಕಾಶವಾಣಿ. ಧಾರವಾಡ ನಿಲಯ 1950ರ ಜನವರಿ 8ರಂದು ಶುರುವಾಯಿತು. ಮಲ್ಲಿಕಾರ್ಜುನ ಮನ್ಸೂರರು ಅದರ ಸಂಗೀತ ಸಲಹೆಗಾರರಾಗಿದ್ದರು. ಸಿತಾರ್ ವಾದಕ ಬಾಲೇಖಾನರು ನಿಲಯದ ಕಲಾವಿದರಾಗಿದ್ದರು. ಬೆಳಗ್ಗೆ ಸ್ಟುಡಿಯೊದಲ್ಲಿ ಭಾವಗೀತೆಗೆ, ಮಧ್ಯಾಹ್ನ ರೂಪಕದ ಹಿನ್ನೆಲೆಗೆ, ಸಂಜೆ ಹೊರಗಿನಿಂದ ಬಂದ ಗಾಯಕರ ಸಾಥಿಗೆ ಕೂರುವ ನಿಲಯ ಕಲಾವಿದನ ದಿನಚರಿ ಯುರೋಪಿನ ವಯೋಲಾ ವಾದಕನಿಗೆ ಕೂಡಲೇ ಗುರುತು ಹತ್ತುವಂಥದು. ದೆಹಲಿಯಲ್ಲಿ ಆಕಾಶವಾಣಿ 1952ರಲ್ಲಿ ರವಿಶಂಕರರ ನಿರ್ದೇಶನದಲ್ಲಿ ರಾಷ್ಟ್ರೀಯ ವಾದ್ಯವೃಂದವನ್ನೂ ಕಟ್ಟಿತು. ಗಣಪತಿ ಹಬ್ಬದ, ಜಾತ್ರೆಯ ವೇದಿಕೆಗಳಲ್ಲಿ ಚಿತ್ರಗೀತೆ ನುಡಿಸುವ ಹುಬ್ಬಳ್ಳಿಯ ಆರ್ಕೆಸ್ಟ್ರಾ ತಂಡಗಳಲ್ಲಿ ಮಾತ್ರ ತಂತಿವಾದ್ಯಗಳ ಇಡೀ ಗುಂಪನ್ನು ಒಂದು ಕೀಬೋರ್ಡ್ ನುಂಗಿದೆ.

ಒಂಟಿ ವಾದನ, ಸಿನಿಮಾ, ಇಂದಿನ ದಾರಿ

ದಕ್ಷಿಣದಲ್ಲಿ ವಯೋಲಾವನ್ನು ಕಛೇರಿಗೆ ತಂದು ಹೆಸರು ಮಾಡಿದವರು ಎಂ. ಬಾಲಮುರಳಿಕೃಷ್ಣ (1930-2016). ಅದರ ತಗ್ಗಿದ ದನಿ ಗಂಡುಕಂಠದ ಶ್ರುತಿಗೆ ಚೆನ್ನಾಗಿ ಹೊಂದುತ್ತದೆ. ಮೈಸೂರು ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಹೆಚ್ಚಿಸಿ ಏಳು ತಂತಿಯದಾಗಿಸಿದ್ದೂ ದೊಡ್ಡ ಸಭೆಗೆ ಮುಟ್ಟುವ ತುಂಬುನಾದದ ಹುಡುಕಾಟವೇ. ಆದರೆ ಇವರೆಲ್ಲ ಏಕವ್ಯಕ್ತಿಗಳು, ಇವರದು ಬೇರೆ ವೃತ್ತಿ.

ವೃಂದದ ವಯೋಲಾಕ್ಕೆ ಭಾರತದಲ್ಲಿ ಅನ್ನ ಹಾಕಿದ್ದು ಸಿನಿಮಾ. ಮುಂಬೈಯಲ್ಲಿ ಗೋವಾ ಮೂಲದ ವಾದಕರು ಹಗಲು ಚಿತ್ರಗೀತೆಗೂ ಸಂಜೆ ಸಿಂಫನಿಗೂ ಕೂರುತ್ತಿದ್ದರು. ಕನ್ನಡ ಚಿತ್ರಗಳ ಹಾಡುಗಳು ದಶಕಗಳ ಕಾಲ ಮದರಾಸಿನಲ್ಲಿ ಮುದ್ರಣವಾದವು, ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದ ಇಳಯರಾಜ ಮುಂದೆ ಅಲ್ಲಿನ ಪಿಟೀಲು-ವಯೋಲಾ-ಚೆಲ್ಲೋ ಗುಂಪುಗಳಿಗೆ ನಾಲ್ಕು ದನಿಗಳ ಸ್ವರಲಿಪಿ ಬರೆದು ಕೈತುಂಬ ಕೆಲಸ ಕೊಟ್ಟರು. ಕೂಲಿ ಕಾಲ್‌ಶೀಟ್ ಲೆಕ್ಕದಲ್ಲಿ. 1990ರ ದಶಕದಲ್ಲಿ ಕಂಪ್ಯೂಟರ್ ಮತ್ತು ಸಿಂಥಸೈಸರ್ ಬಂದಾಗ ಮೊದಲು ಕುರ್ಚಿ ಕಳೆದುಕೊಂಡವರು ನಡುದನಿಯವರೇ: ಒಂಟಿ ಪಿಟೀಲು ಯಂತ್ರಕ್ಕೆ ಕಷ್ಟ, ಹಿಂದಿನ ತುಂಬುನಾದ ಸುಲಭ. 1993ರಲ್ಲಿ ಪಿಟೀಲು ವಾದಕ ವಿ.ಎಸ್. ನರಸಿಂಹನ್ ಮದ್ರಾಸ್ ಸ್ಟ್ರಿಂಗ್ ಕ್ವಾರ್ಟೆಟ್ ಕಟ್ಟಿ ಕರ್ನಾಟಕ ಕೃತಿಗಳಿಗೆ ನಾಲ್ಕು ದನಿ ಜೋಡಿಸಿದರು. ತ್ಯಾಗರಾಜರ ಕೃತಿಯಲ್ಲಿ ವಯೋಲಾಕ್ಕೆ ಕೆಲಸ ಹುಟ್ಟಿದ್ದು ಅಲ್ಲಿ.

ಇಂದು ಭಾರತದ ಪ್ರಮುಖ ವೃತ್ತಿಪರ ವೃಂದ ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಸ್ಥಾಪನೆಯಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಖುಷ್ರು ಸುಂಟೂಕ್ ಮತ್ತು ಕಜಾಕಿಸ್ತಾನದ ಪಿಟೀಲು ವಾದಕ ಮರಾತ್ ಬಿಸೆಂಗಾಲಿಯೇವ್ ಸೇರಿ ಕಟ್ಟಿದ ಇದರಲ್ಲಿ ಹೊರದೇಶದ ವಾದಕರೇ ಹೆಚ್ಚು. ಕರ್ನಾಟಕದಲ್ಲಿ 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್, ಚೆನ್ನೈಯಲ್ಲಿ 2008ರ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಕಲಿಕೆಯ ಕೆಲವು ಬಾಗಿಲುಗಳು. ಲಂಡನ್‌ನ ಟ್ರಿನಿಟಿ ಕಾಲೇಜು ಮುಂತಾದವುಗಳ ಎಂಟು ದರ್ಜೆಯ ಪರೀಕ್ಷೆಗಳನ್ನು ವಯೋಲಾದಲ್ಲೂ ಕಟ್ಟಬಹುದು. ಎಂಟನೆಯ ದರ್ಜೆ ಮುಗಿಸಿದವನು ವಿದೇಶದ ಕಾಲೇಜಿನ ಹೊಸ್ತಿಲಿಗೆ ಬಂದನೆಂದು ಅರ್ಥ, ವೃಂದದ ಹೊಸ್ತಿಲಿಗಲ್ಲ.

ಧಾರವಾಡದಂಥ ಊರಿನಲ್ಲಿ ವಯೋಲಾ ಇಟ್ಟುಕೊಳ್ಳುವವರಿಗೆ ಇನ್ನೊಂದು ತೊಡಕು ಹವೆ. ಸ್ಪ್ರೂಸ್ ಮರದ ಮೇಲುಹಲಗೆ, ಮೇಪಲ್ ಮರದ ಬೆನ್ನು, ಎರಡನ್ನೂ ಹಿಡಿದಿಡುವ ಪ್ರಾಣಿಜನ್ಯ ಅಂಟು, ಇವಕ್ಕೆ ಶೇಕಡಾ 40ರಿಂದ 60ರಷ್ಟು ತೇವಾಂಶ ಹಿತ. ಜುಲೈ ಮಳೆಯಲ್ಲಿ ಅಂಟು ಸಡಿಲಿ ಅಂಚು ಬಿಡುತ್ತದೆ, ಬಿರಡೆ ಉಬ್ಬಿ ತಿರುಗದು. ಏಪ್ರಿಲ್‌ನಲ್ಲಿ ಅದೇ ಬಿರಡೆ ಒಣಗಿ ಜಾರುತ್ತದೆ. ಪೆಟ್ಟಿಗೆಯಲ್ಲಿ ತೇವಮಾಪಕ ಇಡುವುದು, ಕುದುರೆ ವಾಲದಂತೆ ವಾರಕ್ಕೊಮ್ಮೆ ನೋಡುವುದು, ಕಮಾನಿನ ಕೂದಲನ್ನು ನುಡಿಸಿದ ಮೇಲೆ ಸಡಿಲಿಸುವುದು ವಾದಕನೇ ಮಾಡಿಕೊಳ್ಳಬೇಕಾದ ಕೆಲಸ. ಅಂಚು ಬಿಟ್ಟರೆ ಊರ ಬಡಗಿಯ ಫೆವಿಕಾಲ್ ಮುಟ್ಟಿಸಬಾರದು. ಹಳೆಯ ಅಂಟನ್ನು ಬಿಸಿ ಮಾಡಿ ಬಿಡಿಸಬಹುದು, ಫೆವಿಕಾಲನ್ನು ಬಿಡಿಸಹೊರಟರೆ ಮರವೇ ಕಿತ್ತುಬರುತ್ತದೆ.